ರೈತರ ನಿರ್ಧಾರ ಮತ್ತು ನೀರು: ಸ್ವಾಟ್, ಮಾಡ್‌ಫ್ಲೋ, ವೀಪ್, ನೆಟ್‌ಲೋಗೊ, ಯಾವ ಮಾಡೆಲ್ ಹಿಡೀಬೇಕು?

ಎಂಟೆಕ್ ಮಾಡ್ತಿರೋರು, ಕೃಷಿ ವಿವಿಯಲ್ಲಿ ಥೀಸಿಸ್‌ಗೆ ವಿಷಯ ಹುಡುಕ್ತಿರೋರು, ಜಲಾನಯನ ಕೆಲಸ ಮಾಡೋ ಸಂಸ್ಥೆಗಳಲ್ಲಿ ಇರೋರು, ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಗೊಂದಲ. ಜಲಾನಯನದ ಲೆಕ್ಕ ಹಾಕೋ ಕಂಪ್ಯೂಟರ್ ಮಾಡೆಲ್ ಸ್ವಾಟ್ ಕಲೀಲಾ, ಅಂತರ್ಜಲದ ಮಾಡೆಲ್ ಮಾಡ್‌ಫ್ಲೋ ಕಲೀಲಾ, ಈಗೀಗ ಎಲ್ರೂ ಏಜೆಂಟ್ ಬೇಸ್ಡ್ ಮಾಡೆಲ್ (ಒಬ್ಬೊಬ್ಬ ರೈತನನ್ನೂ ಒಂದು ಪಾತ್ರ ಮಾಡೋದು) ಅಂತಿದ್ದಾರೆ ಅದಕ್ಕೆ ಕೈ ಹಾಕ್ಲಾ, ಇಲ್ಲ ಎಕ್ಸೆಲ್ಲೇ ಸಾಕಾ. ಗೈಡ್ ತಮಗೆ ಗೊತ್ತಿರೋದನ್ನ ಹೇಳ್ತಾರೆ, ಸೀನಿಯರ್ ತಾನು ಮಾಡಿದ್ದನ್ನ ಹೇಳ್ತಾನೆ, ಟ್ಯುಟೋರಿಯಲ್ ಎಲ್ಲದಕ್ಕೂ ಸಿಗುತ್ತೆ. ಸಾಫ್ಟ್‌ವೇರ್ ಹೆಸರಿಂದ ಶುರು ಮಾಡಿದ್ರೆ ಈ ಗೊಂದಲ ಬಗೆಹರಿಯಲ್ಲ. ನಿಮ್ಮ ಪ್ರಶ್ನೆಯೊಳಗೆ ರೈತ ಎಲ್ಲಿದ್ದಾನೆ ಅಂತ ಮೊದಲು ನೋಡ್ಕೊಳ್ಳಿ.

ಎರಡು ಪ್ರಶ್ನೆ ತಗೊಳ್ಳಿ. "ಈ ಕೆರೆ ತುಂಬಿಸಿದ್ರೆ ಎಷ್ಟು ನೀರು ಇಂಗುತ್ತೆ?" ಇದು ಬರೀ ನೀರಿನ ಲೆಕ್ಕ, ರೈತರು ಏನು ಬೆಳೀತಾರೆ ಅನ್ನೋದನ್ನ ನೀವೇ ಒಂದು ಕಾಲಮ್ಮಲ್ಲಿ ತುಂಬಿಬಿಟ್ರೆ ಆಯ್ತು. "ಕೆರೆ ತುಂಬಿ ಬೋರಲ್ಲಿ ನೀರು ಮೇಲೆ ಬಂದ ಮೇಲೆ ಎಷ್ಟು ಜನ ರಾಗಿ ಬಿಟ್ಟು ಟೊಮೇಟೊ ಹಾಕ್ತಾರೆ, ಎಷ್ಟು ಜನ ಇನ್ನೊಂದು ಬೋರು ಕೊರೆಸ್ತಾರೆ, ಆಮೇಲೆ ಆ ನೀರು ಎಷ್ಟು ವರ್ಷ ಉಳಿಯುತ್ತೆ?" ಇದು ಬೇರೆ ಜಾತಿ ಪ್ರಶ್ನೆ. ಇಲ್ಲಿ ನೀರು ನೋಡಿ ರೈತ ಬದಲಾಗ್ತಾನೆ, ರೈತ ಬದಲಾದ ಮೇಲೆ ನೀರು ಬದಲಾಗುತ್ತೆ. ಕೋಲಾರದ ಕೆರೆಗಳಿಗೆ 2018ರಿಂದ ಕೆಸಿ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಹೋಗ್ತಿದೆಯಲ್ಲ, ದಿನಕ್ಕೆ 440 ದಶಲಕ್ಷ ಲೀಟರ್ ಅನ್ನೋದು ಯೋಜನೆಯ ಲೆಕ್ಕ, ಅದರ ಬಗ್ಗೆ ಮೊದಲನೇ ಪ್ರಶ್ನೆ ಕೇಳೋರು ಜಾಸ್ತಿ, ಎರಡನೇದು ಕೇಳೋರು ಕಮ್ಮಿ.

ನಮ್ಮ ಕಡೆ ಎರಡನೇ ಪ್ರಶ್ನೆ ಯಾಕೆ ಮುಖ್ಯ ಅನ್ನೋದಕ್ಕೆ ಒಂದು ಭೌತಿಕ ಕಾರಣ ಇದೆ. ದಕ್ಷಿಣ ಕರ್ನಾಟಕದ ಬಹುಪಾಲು ಗ್ರಾನೈಟ್, ನೈಸ್ ಥರದ ಗಟ್ಟಿ ಕಲ್ಲು, ಅದರಲ್ಲಿ ನೀರು ಹಿಡಿಯೋ ಜಾಗ ಬಹಳ ಕಮ್ಮಿ. ಆ ಜಾಗ ಕಲ್ಲಿನ ಗಾತ್ರದ ಶೇಕಡಾ 1ರಷ್ಟು ಅಂತ ಹಿಡಿದ್ರೆ ಬರೀ 10 ಮಿಲಿಮೀಟರ್ ನೀರು ಇಂಗಿದ್ರೂ ನೀರಿನ ಮಟ್ಟ 1 ಮೀಟರ್ ಏರುತ್ತೆ, ಅಷ್ಟೇ ಪಂಪ್ ಮಾಡಿದ್ರೆ 1 ಮೀಟರ್ ಇಳಿಯುತ್ತೆ. ಗಂಗಾ ಬಯಲಿನ ಮರಳು ಮಣ್ಣಲ್ಲಿ ಶೇಕಡಾ 15 ಅಂತಿಟ್ಕೊಂಡ್ರೆ ಅದೇ 10 ಮಿಲಿಮೀಟರ್‌ಗೆ ಮಟ್ಟ ಏಳು ಸೆಂಟಿಮೀಟರೂ ಅಲ್ಲಾಡಲ್ಲ. ಅಲ್ಲಿ ಏರುಪೇರು ರೈತರ ಕಣ್ಣಿಗೆ ಬೀಳೋಕೆ ವರ್ಷಗಟ್ಟಲೆ ಬೇಕು, ಇಲ್ಲಿ ಒಂದೇ ಮುಂಗಾರಲ್ಲಿ ಕಾಣುತ್ತೆ, ಮುಂದಿನ ಹಿಂಗಾರಿಗೇ ಬೆಳೆ ಬದಲಾಗುತ್ತೆ. ಹಾಗಾಗಿ ಗಂಗಾ ಬಯಲಿಗೆ ಅಂತ ಮಾಡಿದ ಲೆಕ್ಕಾಚಾರದ ಪದ್ಧತಿನ ಕಣ್ಣುಮುಚ್ಚಿ ಇಲ್ಲಿಗೆ ತರಬೇಡಿ.

ಉಳಿದ ಅಳತೆಗೋಲು

ನೀರು ಎಲ್ಲಿಂದ ಬರುತ್ತೆ: ಬೋರಾ, ಕೆರೆಯಾ, ದೊಡ್ಡ ಕಾಲುವೆಯಾ. ನಿಮ್ಮ ಹತ್ರ ಟೈಮ್ ಎಷ್ಟಿದೆ, ಕೋಡ್ ಬರೆಯೋಕೆ ಬರುತ್ತಾ. ರಿಸಲ್ಟ್ ಯಾರು ನೋಡ್ತಾರೆ: ಪರೀಕ್ಷಕರಾ, ಇಲಾಖೆ ಇಂಜಿನಿಯರಾ, ಗ್ರಾಮ ಪಂಚಾಯಿತಿನಾ. ದುಡ್ಡಿನ ಪ್ರಶ್ನೆ ನಿಜ ಹೇಳ್ಬೇಕಂದ್ರೆ ಸಾಫ್ಟ್‌ವೇರಲ್ಲಿ ಇಲ್ಲ, ಒಳ್ಳೊಳ್ಳೆವೆಲ್ಲ ಫ್ರೀ. ಖರ್ಚು ಇರೋದು ಹಳ್ಳಿಗೆ ಹೋಗಿ ಸರ್ವೆ ಮಾಡೋದ್ರಲ್ಲಿ.

ಡೇಟಾ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ಅರ್ಧ ನಿರ್ಧಾರ ಅಲ್ಲೇ ಆಗೋಗುತ್ತೆ. ಮಳೆಗೆ ತೊಂದರೆ ಇಲ್ಲ, ಹವಾಮಾನ ಇಲಾಖೆಯ ಗ್ರಿಡ್ ಡೇಟಾ ಇದೆ, 1981ರಿಂದ ಈಚೆಗೆ ಚರ್ಪ್ಸ್ ಉಪಗ್ರಹ ಮಳೆ ಇದೆ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಅಂತರ್ಜಲ ಮಟ್ಟ ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಸಲ ಅಳೆಯುತ್ತೆ, ಆದ್ರೆ ನಿಮ್ಮ ಹಳ್ಳಿಯಲ್ಲೇ ವೀಕ್ಷಣಾ ಬಾವಿ ಇರೋದು ಅದೃಷ್ಟ ಇದ್ರೆ. ಬೆಳೆಗೆ ಪಹಣಿ ಇದೆ, ಬೆಳೆ ಸಮೀಕ್ಷೆ ಆ್ಯಪ್ ಬಂದ ಮೇಲೆ ಸರ್ವೆ ನಂಬರ್‌ವಾರು ಮಾಹಿತಿನೂ ಇದೆ. ಇಲ್ಲದೇ ಇರೋದು ಪಂಪಿಂಗ್. ಹತ್ತು ಎಚ್‌ಪಿವರೆಗಿನ ಐಪಿ ಸೆಟ್‌ಗೆ, ಅಂದ್ರೆ ನೀರಾವರಿ ಪಂಪ್‌ಗೆ, ಕರೆಂಟ್ ಫ್ರೀ, ಬಹುತೇಕ ಕಡೆ ಮೀಟರ್ ಇಲ್ಲ, ಹಾಗಾಗಿ ಯಾರ ಮಾಡೆಲ್ಲೇ ಆಗ್ಲಿ ಅದರಲ್ಲಿರೋ "ಪಂಪ್ ಮಾಡಿದ ನೀರು" ಅನ್ನೋದು ಒಂದೋ ಎಚ್‌ಪಿ ಮತ್ತು ಕರೆಂಟ್ ಗಂಟೆ ಗುಣಿಸಿದ ಅಂದಾಜು, ಇಲ್ಲ ಬೆಳೆಗೆ ಎಷ್ಟು ಬೇಕು ಅನ್ನೋದರಿಂದ ಹಿಂದಕ್ಕೆ ಲೆಕ್ಕ ಹಾಕಿದ ಅಂದಾಜು. ಇನ್ನು ರೈತ ಯಾಕೆ ಆ ಬೆಳೆ ಹಾಕಿದ ಅನ್ನೋ ಡೇಟಾ ಯಾವ ಪೋರ್ಟಲ್ಲಲ್ಲೂ ಸಿಗಲ್ಲ, ಹೋಗಿ ಕೇಳ್ಬೇಕು.

ಈಗ ಆಯ್ಕೆಗಳನ್ನ ಒಂದೊಂದಾಗಿ ನೋಡೋಣ, ಎಕ್ಸೆಲ್, ಸ್ವಾಟ್, ಏಜೆಂಟ್ ಬೇಸ್ಡ್ ಮಾಡೆಲ್ ಮೂರಕ್ಕೂ ಒಂದೇ ಪ್ರಶ್ನೆ ಹಾಕೋಣ: "ಊರಿಗೆಲ್ಲ ಡ್ರಿಪ್ ಸಬ್ಸಿಡಿ ಕೊಟ್ರೆ ಅಂತರ್ಜಲ ಉಳಿಯುತ್ತಾ?" ಯಾವ ಟೂಲ್ ಏನು ಹೇಳುತ್ತೆ, ಏನು ಮುಚ್ಚಿಡುತ್ತೆ ಅಂತ ಇದರಲ್ಲಿ ಚೆನ್ನಾಗಿ ಗೊತ್ತಾಗುತ್ತೆ.

ಎಕ್ಸೆಲ್ ನೀರಿನ ಬಜೆಟ್

ಇದನ್ನ ಕೀಳಾಗಿ ನೋಡ್ಬೇಡಿ. ಒಂದು ಎಕರೆ ಮೇಲೆ 1 ಮಿಲಿಮೀಟರ್ ನೀರು ಅಂದ್ರೆ ಸುಮಾರು 4,047 ಲೀಟರ್. ಭತ್ತಕ್ಕೆ 1,200 ಮಿಲಿಮೀಟರ್ ಹಿಡಿದ್ರೆ ಎಕರೆಗೆ 48 ಲಕ್ಷ ಲೀಟರ್ ಮೇಲಾಯ್ತು, ರಾಗಿಗೆ 400 ಹಿಡಿದ್ರೆ 16 ಲಕ್ಷ. ಎಷ್ಟೆಷ್ಟು ಎಕರೆ ಇದೆ ಅಂತ ಗುಣಿಸಿ, ಮಳೆ ಮತ್ತು ಇಂಗಿದ ನೀರು ಒಂದು ಕಡೆ, ಬೆಳೆ ಬೇಡಿಕೆ ಇನ್ನೊಂದು ಕಡೆ. ಆಂಧ್ರದಲ್ಲಿ ರೈತರೇ ತಮ್ಮ ಬಾವಿ ಮಟ್ಟ ಅಳೆದು ಬೆಳೆ ನೀರಿನ ಬಜೆಟ್ ಮಾಡೋ ಎಪಿಫಾಮ್ಸ್ ಯೋಜನೆ ನಡೆದಿತ್ತು, ಅದರ ಜೀವಾಳ ಇಷ್ಟೇ ಲೆಕ್ಕ. ಕೇಂದ್ರದ ಅಟಲ್ ಭೂಜಲ ಯೋಜನೆಯಲ್ಲಿ ಪಂಚಾಯಿತಿ ಮಟ್ಟದಲ್ಲಿ ಮಾಡಿದ ನೀರಿನ ಬಜೆಟ್ಟೂ ಇದೇ ದಾರಿ.

ಡ್ರಿಪ್ ಪ್ರಶ್ನೆಗೆ ಎಕ್ಸೆಲ್ ಏನು ಹೇಳುತ್ತೆ? ಶೇಕಡಾ 30 ಉಳಿತಾಯ ಅಂತ ನೀವು ಹಾಕಿದ್ರೆ 30 ಉಳಿಯಿತು ಅನ್ನುತ್ತೆ. ನೀವು ಹಾಕಿದ್ದನ್ನೇ ವಾಪಸ್ ಕೊಡುತ್ತೆ. ಊರವರ ಜೊತೆ ಕೂತು ಮಾತಾಡೋಕೆ ಇದಕ್ಕಿಂತ ಒಳ್ಳೇದು ಇಲ್ಲ, ಪಾಲಿಸಿ ಬಗ್ಗೆ ಭವಿಷ್ಯ ಹೇಳೋಕೆ ಇದು ಆಗಲ್ಲ.

ವೀಪ್

ಇದು ನೀರು ಹಂಚಿಕೆಯ ಮಾಡೆಲ್, ಸ್ಟಾಕ್‌ಹೋಮ್ ಎನ್ವಿರಾನ್‌ಮೆಂಟ್ ಇನ್‌ಸ್ಟಿಟ್ಯೂಟ್ ಮಾಡಿದ್ದು, ಅಭಿವೃದ್ಧಿಶೀಲ ದೇಶಗಳ ಕಾಲೇಜು, ಸರ್ಕಾರಿ ಕಚೇರಿ, ಲಾಭದ ಉದ್ದೇಶ ಇಲ್ಲದ ಸಂಸ್ಥೆಗಳಿಗೆ ಲೈಸೆನ್ಸ್ ಫ್ರೀ, ಕನ್ಸಲ್ಟೆನ್ಸಿ ಮಾಡೋರಿಗೆ ದುಡ್ಡು. ಡ್ಯಾಮ್, ನದಿ, ಕಾಲುವೆ, ಊರು, ಅಚ್ಚುಕಟ್ಟು ಎಲ್ಲ ಸ್ಕ್ರೀನ್ ಮೇಲೆ ಎಳೆದು ಜೋಡಿಸಬಹುದು, ಕೋಡಿಂಗ್ ಹೆಚ್ಚು ಕಮ್ಮಿ ಬೇಡ. ಯಾರಿಗೆ ಮೊದಲು ನೀರು ಅನ್ನೋದಕ್ಕೆ 1ರಿಂದ 99ರವರೆಗೆ ಆದ್ಯತೆ ಸಂಖ್ಯೆ ಕೊಡ್ತೀರಿ, ಅದು ಹಂಚುತ್ತೆ.

ಕಾಲುವೆ ಇರೋ ಕಡೆ ಇದು ಚೆಂದ. ಆದ್ರೆ ತುಂಗಭದ್ರಾ ಎಡದಂಡೆ ನೆನಪಿಸ್ಕೊಳ್ಳಿ. ನೀರನ್ನ ತೆಳುವಾಗಿ ಹೆಚ್ಚು ಜಾಗಕ್ಕೆ ಹರಡಬೇಕು, ಬಹುಪಾಲು ಕಡೆ ಕಮ್ಮಿ ನೀರಿನ ಬೆಳೆ ಅಂತ ಕಾಗದದ ಮೇಲೆ ಪ್ಲಾನ್, ನಡೆದಿದ್ದು ಮೇಲ್ಭಾಗದಲ್ಲಿ ಗಂಗಾವತಿ, ಸಿಂಧನೂರು ಕಡೆ ಭತ್ತ, ಕೊನೆ ಭಾಗದಲ್ಲಿ ರಾಯಚೂರಿನ ಕಡೆ ನೀರಿಗೆ ಪ್ರತಿವರ್ಷ ಪ್ರತಿಭಟನೆ. ವೀಪ್‌ನಲ್ಲಿ ಹಂಚಿಕೆ ನೀವು ಕೊಟ್ಟ ಆದ್ಯತೆ ಪ್ರಕಾರ ಶಿಸ್ತಾಗಿ ನಡೆಯುತ್ತೆ, ರಾತ್ರಿ ಯಾರೋ ತೂಬು ಎತ್ತೋದು ಅದರಲ್ಲಿಲ್ಲ. ಹಾಗಂತ ಅದನ್ನ ಬಿಡ್ಬೇಕಿಲ್ಲ, "ಪ್ಲಾನ್ ಪ್ರಕಾರ ನಡೆದಿದ್ರೆ ಹೀಗಿರ್ತಿತ್ತು, ಈಗ ನಡೀತಿರೋದು ಹೀಗೆ" ಅಂತ ಎರಡು ಸಿನಾರಿಯೊ ಪಕ್ಕ ಪಕ್ಕ ತೋರಿಸೋಕೆ ಇಲಾಖೆ ಮೀಟಿಂಗಲ್ಲಿ ಇದರಷ್ಟು ಸಲೀಸಾದ ಟೂಲ್ ಬೇರೆ ಇಲ್ಲ. ಬರೀ ಬೋರ್‌ವೆಲ್ ಊರಿಗೆ ಮಾತ್ರ ನಾನು ಇದನ್ನ ಹೇಳಲ್ಲ.

ಸ್ವಾಟ್

ಅಮೆರಿಕದ ಕೃಷಿ ಇಲಾಖೆ ಮತ್ತು ಟೆಕ್ಸಾಸ್ ಎ ಅಂಡ್ ಎಂ ಸೇರಿ ಬೆಳೆಸಿದ ಮಾಡೆಲ್, 90ರ ದಶಕದಿಂದ ಇದೆ, ಫ್ರೀ, ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್ ಒಳಗೇ ಪ್ಲಗಿನ್ ಸಿಗುತ್ತೆ. ಭೂಬಳಕೆ, ಮಣ್ಣು, ಇಳಿಜಾರು ಮೂರನ್ನೂ ಸೇರಿಸಿ ಜಲಾನಯನನ ತುಂಡು ತುಂಡು ಮಾಡಿ, ಪ್ರತಿ ತುಂಡಲ್ಲೂ ದಿನದ ಲೆಕ್ಕದಲ್ಲಿ ಹರಿವು, ಆವಿ, ಬೆಳೆ ಎಲ್ಲ ಹಾಕುತ್ತೆ. ನಮ್ಮ ಕಾಲೇಜುಗಳಲ್ಲಿ ಗೊತ್ತಿರೋರು ಜಾಸ್ತಿ, ಸಿಕ್ಕಾಕ್ಕೊಂಡ್ರೆ ಕೇಳೋಕೆ ಜನ ಇದ್ದಾರೆ, ಇದನ್ನ ಸಣ್ಣ ಲಾಭ ಅಂದ್ಕೋಬೇಡಿ.

ಆದ್ರೆ ಇದರೊಳಗಿನ ರೈತನನ್ನ ಸ್ವಲ್ಪ ನೋಡಿ. ಆಟೋ ಇರಿಗೇಷನ್ ಆನ್ ಮಾಡಿದ್ರೆ ಗಿಡಕ್ಕೆ ಬಾಯಾರಿದ ಕೂಡ್ಲೇ ಅವನು ನೀರು ಬಿಡ್ತಾನೆ. ಅವನಿಗೆ ತ್ರೀ ಫೇಸ್ ಕರೆಂಟ್ ಏಳೇ ಗಂಟೆ ಅನ್ನೋ ಕಷ್ಟ ಇಲ್ಲ, ಅದೂ ಮಧ್ಯರಾತ್ರಿ ಬರುತ್ತೆ ಅನ್ನೋ ಕಷ್ಟವಂತೂ ಇಲ್ವೇ ಇಲ್ಲ, ಮೋಟರ್ ಸುಡಲ್ಲ, ಸಾಲ ಇಲ್ಲ, ಪಕ್ಕದ ತೋಟದವರು ಅಡಿಕೆ ಹಾಕಿದ್ರು ಅಂತ ಇವನು ಹಾಕಲ್ಲ, ನೀವು ಮೊದಲನೇ ದಿನ ಕೊಟ್ಟ ಬೆಳೆಯನ್ನೇ ಇಪ್ಪತ್ತು ವರ್ಷ ಹಾಕ್ತಾ ಇರ್ತಾನೆ. ಜೊತೆಗೆ ಅಂತರ್ಜಲನ ಇದು ಒಂದು ತೊಟ್ಟಿ ಥರ ನೋಡುತ್ತೆ, ಪಕ್ಕದ ಬೋರಿಂದ ಈ ಬೋರು ಬತ್ತೋದು ಕಾಣಲ್ಲ.

ಡ್ರಿಪ್ ಪ್ರಶ್ನೆಗೆ ಸ್ವಾಟ್ ಎಕ್ಸೆಲ್‌ಗಿಂತ ಒಂದು ಹೆಜ್ಜೆ ಮುಂದೆ. ಹಾಯಿ ನೀರು ಕೊಟ್ಟಾಗ ಸ್ವಲ್ಪ ಭಾಗ ಮತ್ತೆ ಇಂಗ್ತಿತ್ತು, ಡ್ರಿಪ್ ಬಂದ ಮೇಲೆ ಅದು ನಿಂತೋಯ್ತು, ಹಾಗಾಗಿ ಪಂಪಿಂಗ್ 30 ಕಮ್ಮಿ ಆದ್ರೂ ಅಂತರ್ಜಲಕ್ಕೆ ನಿಜವಾಗಿ ಉಳಿದಿದ್ದು ಅದಕ್ಕಿಂತ ಕಮ್ಮಿ ಅಂತ ತೋರಿಸಬಲ್ಲದು. ಇದು ದೊಡ್ಡ ಪಾಯಿಂಟ್, ಸಬ್ಸಿಡಿ ಚರ್ಚೆಯಲ್ಲಿ ಯಾರೂ ಎತ್ತಲ್ಲ. ಉಳಿದ ನೀರಲ್ಲಿ ರೈತ ಏನು ಮಾಡ್ದ ಅನ್ನೋದನ್ನ ಮಾತ್ರ ಸ್ವಾಟ್ ನಿಮ್ಮನ್ನೇ ಕೇಳುತ್ತೆ.

ಮಾಡ್‌ಫ್ಲೋ

ಅಮೆರಿಕದ ಭೂವಿಜ್ಞಾನ ಸಂಸ್ಥೆಯದ್ದು, 1984ರಿಂದ ಇದೆ, ಈಗಿನ ಆರನೇ ಆವೃತ್ತಿನೂ ಫ್ರೀ. ಅಂತರ್ಜಲಕ್ಕೆ ಇದೇ ಅಧಿಕೃತ ಅಂತ ಎಲ್ರೂ ಒಪ್ತಾರೆ. ಬೋರು ಬೋರಿನ ನಡುವಿನ ಜಗಳ ಇದರಲ್ಲಿ ಕಾಣುತ್ತೆ. ತೊಂದರೆ ಅಂದ್ರೆ ಗಟ್ಟಿ ಕಲ್ಲಿನ ಪ್ರದೇಶದಲ್ಲಿ ನೀರು ಬಿರುಕಲ್ಲಿ ಓಡುತ್ತೆ, ಇಲ್ಲಿ ಎರಡಿಂಚು ನೀರು, ಐವತ್ತಡಿ ಆಚೆ ಬರೀ ಧೂಳು. ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡೋರು ಇನ್ನೂ ವ್ಯಾಪಾರ ಮಾಡ್ತಿರೋದು ಇದಕ್ಕೇ. ಮಾಡ್‌ಫ್ಲೋ ಆ ಜಾಗನ ಸರಾಸರಿ ಮಾಡಿ ಸ್ಪಂಜಿನ ಥರ ಹಿಡಿಯುತ್ತೆ, ಹತ್ತಾರು ಚದರ ಕಿಲೋಮೀಟರ್‌ಗೆ ಅದು ಪರವಾಗಿಲ್ಲ, ಒಂದು ಹೊಲದ ಬೋರಿನ ಭವಿಷ್ಯ ಹೇಳ್ತೀನಿ ಅಂದ್ರೆ ನಂಬಬೇಡಿ. ಪಂಪಿಂಗ್ ಎಷ್ಟು ಅಂತಲೂ ನೀವೇ ಕೊಡ್ಬೇಕು, ಅದು ನಮ್ಮ ಹತ್ರ ಇಲ್ಲ ಅಂತ ಆಗಲೇ ಹೇಳ್ದೆ.

ಒಂದು ಒಳ್ಳೆ ಸುದ್ದಿ, ಪೈಥಾನ್ ಬರೋರು ಆರನೇ ಆವೃತ್ತಿನ ಪ್ರತಿ ಹಂತದಲ್ಲೂ ನಿಲ್ಲಿಸಿ, ನೀರಿನ ಮಟ್ಟ ಓದಿ, ಪಂಪಿಂಗ್ ಬದಲಾಯಿಸಿ ಮುಂದಕ್ಕೆ ಬಿಡಬಹುದು. ಅಂದ್ರೆ ರೈತನ ಕೋಡ್ ನೀವು ಬೇರೆ ಬರೆದು ಇದಕ್ಕೆ ಜೋಡಿಸಬಹುದು. ಅದಕ್ಕೆ ಆಮೇಲೆ ಬರ್ತೀನಿ.

ಸಿಸ್ಟಮ್ ಡೈನಾಮಿಕ್ಸ್, ಅಂದ್ರೆ ವೆನ್ಸಿಮ್ ಥರದ್ದು: ಓದೋರಿಗೆ ವೆನ್ಸಿಮ್‌ನ ಚಿಕ್ಕ ಆವೃತ್ತಿ ಫ್ರೀ. ಅಂತರ್ಜಲ, ಬೋರ್ ಸಂಖ್ಯೆ, ಸಾಲ, ಅಡಿಕೆ ಎಕರೆ ಇವನ್ನ ಬಾಕ್ಸ್ ಮಾಡಿ ಬಾಣ ಎಳೆದ್ರೆ ಎಲ್ಲಿ ಸುತ್ತು ಹೊಡೀತಿದೆ ಅಂತ ಎರಡು ವಾರದಲ್ಲಿ ಕಾಣುತ್ತೆ. ಆದ್ರೆ ಎರಡು ಎಕರೆಯವನನ್ನೂ ಇಪ್ಪತ್ತು ಎಕರೆಯವನನ್ನೂ ಕೂಡಿಸಿ ಒಬ್ಬ ಸರಾಸರಿ ರೈತನನ್ನ ಮಾಡಿಬಿಡುತ್ತೆ, ಬೋರು ಬತ್ತೋದು ಮಾತ್ರ ಯಾವತ್ತೂ ಸರಾಸರಿಯಾಗಿ ಬತ್ತಲ್ಲ.

ಏಜೆಂಟ್ ಬೇಸ್ಡ್ ಮಾಡೆಲ್

ಇದರಲ್ಲಿ ಪ್ರತಿ ರೈತನೂ ಕಂಪ್ಯೂಟರಲ್ಲಿ ಒಬ್ಬೊಬ್ಬ ಪಾತ್ರ. ಅವನಿಗೆ ಇಷ್ಟು ಎಕರೆ, ಇಷ್ಟು ಸಾಲ, ಇಷ್ಟು ಆಳದ ಬೋರು, ಇಂತಿಂಥ ಅಕ್ಕಪಕ್ಕದವರು. ಹೋದ ವರ್ಷ ಈರುಳ್ಳಿಗೆ ರೇಟ್ ಬಂದಿದ್ರೆ ಈ ವರ್ಷ ಹಾಕು, ಪಕ್ಕದ ಮೂವರಲ್ಲಿ ಇಬ್ಬರಿಗೆ ನೀರು ಬಿದ್ದಿದ್ರೆ ನೀನೂ ಕೊರೆಸು, ಎರಡು ಸಲ ಫೇಲ್ ಆದ್ರೆ ಬೆಂಗಳೂರಿಗೆ ಹೋಗು, ಹೀಗೆ ನಿಯಮ ಬರೀತೀರಿ. ಇದಕ್ಕೆ ಬಳಸೋ ನೆಟ್‌ಲೋಗೊ ಸಾಫ್ಟ್‌ವೇರ್ 1999ರಿಂದ ಇದೆ, ಫ್ರೀ, ಸಾಮಾನ್ಯ ಲ್ಯಾಪ್‌ಟಾಪಲ್ಲಿ ಓಡುತ್ತೆ, ಕೋಡಿಂಗ್ ಗೊತ್ತಿಲ್ದೋರೂ ತಿಂಗಳಲ್ಲಿ ಕೈ ಕೂರಿಸ್ಕೋಬಹುದು. ಮ್ಯಾಪ್ ಜಾಸ್ತಿ ಇದ್ರೆ ಗಾಮಾ ವಾಸಿ, ಪೈಥಾನ್ ಬರೋರಿಗೆ ಮೇಸಾ.

ಈ ದಾರಿಯ ಹಳೇ ಮತ್ತು ಇವತ್ತಿಗೂ ಚೆಂದದ ಉದಾಹರಣೆ ಬಾಲಿ ದ್ವೀಪದ್ದು. ಅಲ್ಲಿ ಸುಬಾಕ್ ಅನ್ನೋ ನೀರು ಹಂಚಿಕೆ ಸಂಘಗಳು ಭತ್ತದ ನಾಟಿ ಯಾವಾಗ ಅಂತ ನೀರಿನ ದೇವಸ್ಥಾನಗಳ ಮೂಲಕ ಒಟ್ಟಿಗೆ ತೀರ್ಮಾನ ಮಾಡ್ತಿದ್ವು. 70ರ ದಶಕದಲ್ಲಿ ಹಸಿರು ಕ್ರಾಂತಿ ಬಂದು ಎಲ್ರೂ ಆದಷ್ಟು ಸಲ ಬೆಳೀರಿ ಅಂದಾಗ ಕೀಟ ಕಾಟ ಹೆಚ್ಚಾಯ್ತು, ನೀರಿನ ಸರದಿ ಕೆಟ್ಟೋಯ್ತು. ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಜೇಮ್ಸ್ ಕ್ರೆಮರ್ 1993ರಲ್ಲಿ ಪ್ರಕಟಿಸಿದ ಮಾಡೆಲ್ಲಲ್ಲಿ ಪ್ರತಿ ಸುಬಾಕೂ ಪಕ್ಕದ ಸುಬಾಕ್‌ನ ಫಸಲು ನೋಡಿ ಒಳ್ಳೇದಿದ್ರೆ ಅವರ ನಾಟಿ ಕ್ಯಾಲೆಂಡರ್ ಕಾಪಿ ಮಾಡುತ್ತೆ, ಅಷ್ಟೇ ನಿಯಮ. ಎಲ್ರೂ ಒಟ್ಟಿಗೆ ಗದ್ದೆ ಖಾಲಿ ಬಿಟ್ರೆ ಕೀಟ ಸಾಯುತ್ತೆ, ಎಲ್ರೂ ಒಟ್ಟಿಗೆ ನಾಟಿ ಮಾಡಿದ್ರೆ ನೀರು ಸಾಲಲ್ಲ, ಈ ಎಳೆದಾಟದಲ್ಲಿ ಕೊನೆಗೆ ಮೂಡಿದ ಗುಂಪುಗಳು ನಿಜವಾದ ದೇವಸ್ಥಾನಗಳ ಗುಂಪುಗಳಿಗೆ ಹತ್ತಿರ ಇದ್ವು. ಒಂದೇ ಸರಳ ನಿಯಮದಿಂದ ಇಷ್ಟು ಹೇಳೋಕೆ ಆಯ್ತಲ್ಲ, ಅದು ಗಮನಿಸಿ. ಈಗ ಬರೋ ಎಷ್ಟೋ ಮಾಡೆಲ್ಲುಗಳಲ್ಲಿ ನಲವತ್ತು ನಿಯಮ ಇರುತ್ತೆ, ಯಾವುದರಿಂದ ಏನಾಯ್ತು ಅಂತ ಬರೆದೋರಿಗೂ ಗೊತ್ತಿರಲ್ಲ.

ಡ್ರಿಪ್ ಪ್ರಶ್ನೆ ಇಲ್ಲಿಗೆ ಬಂದಾಗ ಉತ್ತರದ ಬಣ್ಣವೇ ಬದಲಾಗುತ್ತೆ. ಎರಡು ಎಕರೆಗೆ ಬೇಕಾಗಿದ್ದ ನೀರಲ್ಲಿ 30 ಉಳಿದ್ರೆ ಅದೇ ನೀರಿಗೆ 2.85 ಎಕರೆ ಬೆಳೀಬಹುದು. ಪಕ್ಕದಲ್ಲಿ ಒಣ ಜಮೀನು ಇದ್ದೋರು ಬೆಳೀತಾರೆ, ಇಲ್ಲದೋರು ಬಿಡ್ತಾರೆ. ಬೆಳೆದ್ರೆ ಪಂಪಿಂಗ್ ಮೊದಲಿನಷ್ಟೇ ಆಯ್ತು, ವಾಪಸ್ ಇಂಗೋದು ನಿಂತಿತು, ಅಂತರ್ಜಲ ಮೊದಲಿಗಿಂತ ಕೆಳಗೆ. ಹಾಗಾಗಿ ಉತ್ತರ ಡ್ರಿಪ್ಪಲ್ಲಿ ಇಲ್ಲ, ಊರಲ್ಲಿ ಎಷ್ಟು ಜನರ ಹತ್ರ ಬೋರ್ ಪಕ್ಕ ಒಣ ಜಮೀನಿದೆ ಅನ್ನೋದ್ರಲ್ಲಿದೆ. ಇದನ್ನ ಬೇರೆ ಟೂಲ್‌ಗಳಿಗೆ ನೀವು ಕೈಯಾರೆ ತುಂಬಬೇಕು, ಇಲ್ಲಿ ಅದು ನಿಯಮದಿಂದ ಹುಟ್ಟುತ್ತೆ.

ಬೆಲೆ ಏನು ತೆರಬೇಕು ಅಂದ್ರೆ, ನಿಯಮ ತಪ್ಪಾದ್ರೆ ಎಲ್ಲ ತಪ್ಪು. ಆಫೀಸಲ್ಲಿ ಕೂತು "ರೈತ ಲಾಭ ಹೆಚ್ಚು ಮಾಡ್ಕೋತಾನೆ" ಅಂತ ಬರೆದು ಮುಗಿಸೋರು ಬಹಳ. ಅಡಿಕೆ ಹಾಕಿದೋರನ್ನ ಕೇಳಿ ನೋಡಿ, ಲಾಭದ ಜೊತೆಗೆ ಕೂಲಿ ಆಳು ಸಿಗಲ್ಲ ಅನ್ನೋದು, ಮಕ್ಕಳು ಪೇಟೆಯಲ್ಲಿದ್ದಾರೆ ಅನ್ನೋದು ಬರುತ್ತೆ, ಹಾಕಿದ ಮೇಲೆ ಬೇಸಿಗೆಯಲ್ಲಿ ಟ್ಯಾಂಕರ್ ಹೊಡೆಸಿಯಾದ್ರೂ ಉಳಿಸ್ಕೋತಾರೆ, ಯಾಕಂದ್ರೆ ಅದು ವರ್ಷ ವರ್ಷ ಬದಲಾಯಿಸೋ ಬೆಳೆ ಅಲ್ಲ. ಆಮೇಲೆ ಪ್ರತಿ ಸಲ ರನ್ ಮಾಡಿದಾಗಲೂ ಉತ್ತರ ಸ್ವಲ್ಪ ಬೇರೆ ಬರುತ್ತೆ, ನೂರಾರು ಸಲ ಓಡಿಸಿ ಹರವು ತೋರಿಸ್ಬೇಕು, ಒಂದೇ ಗೆರೆ ಕೇಳೋ ಅಧಿಕಾರಿಗಳಿಗೆ ಇದು ಇಷ್ಟ ಆಗಲ್ಲ. ಪರೀಕ್ಷಕರಿಗೆ ವಿವರಿಸೋಕೆ ಒಡಿಡಿ ಅನ್ನೋ ಬರವಣಿಗೆ ಪದ್ಧತಿ 2006ರಿಂದ ಇದೆ, ಮಾಡೆಲ್ ಕಟ್ಟೋ ಮುಂಚೆನೇ ಆ ಫಾರ್ಮ್ಯಾಟಲ್ಲಿ ಬರೆದು ಗೈಡ್‌ಗೆ ತೋರಿಸಿ.

ಎಲ್ಲ ಜೋಡಿಸಿದ್ದು

ಗುಂಡ್ಲುಪೇಟೆ ತಾಲೂಕಿನ ಬೇರಂಬಾಡಿ ಜಲಾನಯನದಲ್ಲಿ, 84 ಚದರ ಕಿಲೋಮೀಟರ್ ಅದು, ಐಐಎಸ್‌ಸಿ ಮತ್ತು ಫ್ರಾನ್ಸಿನ ವಿಜ್ಞಾನಿಗಳು ವರ್ಷಗಳಿಂದ ಕೆಲಸ ಮಾಡ್ತಿದ್ದಾರೆ. ಅಲ್ಲಿಗೆ ಅಂತಲೇ ನಮಸ್ತೆ ಅನ್ನೋ ಮಾಡೆಲ್ ಕಟ್ಟಿದ್ರು, 2018ರಲ್ಲಿ ಪ್ರಕಟ ಆಯ್ತು. ಅದರಲ್ಲಿ ಬೆಳೆಗೆ ಸ್ಟಿಕ್ಸ್ ಅನ್ನೋ ಫ್ರೆಂಚ್ ಮಾಡೆಲ್, ಅಂತರ್ಜಲಕ್ಕೆ ಆಂಭಸ್ ಅನ್ನೋ ಮಾಡೆಲ್, ಇವೆರಡರ ಮೇಲೆ ರೈತನ ನಿರ್ಧಾರ ಮೂರು ಹಂತದಲ್ಲಿ: ಬೋರು ಕೊರೆಸೋದರಂಥ ವರ್ಷಗಳ ನಿರ್ಧಾರ, ಹಂಗಾಮಿನ ಬೆಳೆ, ದಿನದ ಕೆಲಸ. ಇದಕ್ಕೆ ಮುಂಚೆ 684 ರೈತ ಕುಟುಂಬಗಳ ಸರ್ವೆ ಮಾಡಿದ್ರು. ಜಮೀನಿನ ಗಾತ್ರ ಮತ್ತು ಅಂತರ್ಜಲ ಕೈಗೆಟುಕುತ್ತಾ ಅನ್ನೋದೇ ಅಲ್ಲಿ ರೈತರನ್ನ ಬೇರೆ ಬೇರೆ ಮಾಡೋದು ಅಂತ ಆ ಸರ್ವೆಯಿಂದ ಬಂತು, ಮಾಡೆಲ್ಲಿನ ಪಾತ್ರಗಳು ಹುಟ್ಟಿದ್ದು ಅಲ್ಲಿಂದ.

ಇದನ್ನ ಒಬ್ಬರೇ ಎಂಟೆಕ್‌ನಲ್ಲಿ ಮಾಡ್ತೀನಿ ಅಂತ ಹೊರಡಬೇಡಿ. ಪಿಎಚ್‌ಡಿ, ತಂಡ, ಮೂರ್ನಾಲ್ಕು ವರ್ಷ ಇದ್ರೆ ಸರಿ. ಇಲ್ಲದಿದ್ರೆ ಅವರ ಸರ್ವೆ ಪೇಪರ್ ಓದಿ, ನಿಮ್ಮ ಪ್ರಶ್ನಾವಳಿ ಹೇಗಿರ್ಬೇಕು ಅನ್ನೋದನ್ನ ಅದರಿಂದ ಕಲೀರಿ.

ಹಾಗಾದ್ರೆ ಯಾರು ಏನು ತಗೋಬೇಕು

ಆರು ತಿಂಗಳ ಪ್ರಾಜೆಕ್ಟ್, ಪ್ರಶ್ನೆ ಹರಿವು ಮತ್ತು ಇಂಗೋದರ ಬಗ್ಗೆ, ಗೈಡ್‌ಗೆ ಗೊತ್ತು: ಸ್ವಾಟ್ ತಗೊಳ್ಳಿ, ಬೆಳೆ ಬದಲಾವಣೆನ ಸಿನಾರಿಯೊ ಅಂತ ಪ್ರಾಮಾಣಿಕವಾಗಿ ಹೇಳಿ, ರೈತರ ನಡವಳಿಕೆ ಮಾಡೆಲ್ ಮಾಡಿದ್ದೀನಿ ಅಂತ ಟೈಟಲ್ಲಲ್ಲಿ ಬರೀಬೇಡಿ. ಅಷ್ಟೇ ಟೈಮ್, ಆದ್ರೆ ಪ್ರಶ್ನೆ ಬೋರು ಕೊರೆಸೋದರ ಬಗ್ಗೆ ಇದ್ರೆ ಒಂದೇ ಊರು ಹಿಡಿದು ನೆಟ್‌ಲೋಗೊ. ನೀರಿನ ಭಾಗನ ಶೇಕಡಾ 1ರ ತೊಟ್ಟಿ ಲೆಕ್ಕದಲ್ಲಿ ಸರಳವಾಗಿ ಇಟ್ಟು ಶ್ರಮ ಎಲ್ಲ ಸರ್ವೆಗೆ ಹಾಕಿ. ಕಾಲುವೆ ಅಚ್ಚುಕಟ್ಟು, ಓದುಗರು ನೀರಾವರಿ ನಿಗಮದವರು: ವೀಪ್. ಎರಡು ವರ್ಷ ಮೇಲೆ ಇದೆ, ಪೈಥಾನ್ ಬರುತ್ತೆ, ವೀಕ್ಷಣಾ ಬಾವಿ ಡೇಟಾ ಕೈಯಲ್ಲಿದೆ ಅಂದ್ರೆ ಮಾಡ್‌ಫ್ಲೋ ಜೊತೆ ಮೇಸಾ ಜೋಡಿಸಿ ನೋಡಿ, ಕಷ್ಟ ಇದೆ ಆದ್ರೆ ನಮ್ಮ ಕಡೆ ಮಾಡಿದೋರು ಬೆರಳೆಣಿಕೆ.

ಸಂಸ್ಥೆಯಲ್ಲಿ ಕೆಲಸ ಮಾಡೋರಿಗೆ, ಊರಿನವರು ತಾವೇ ಏನಾದ್ರೂ ಒಪ್ಪಂದಕ್ಕೆ ಬರಲಿ ಅನ್ನೋದು ಗುರಿ ಆಗಿದ್ರೆ ಮೇಲಿನ ಯಾವುದೂ ಬೇಡ ಅಂತಲೂ ಹೇಳ್ತೀನಿ. ಆಂಧ್ರದ ಹಳ್ಳಿಗಳಲ್ಲಿ ಫೌಂಡೇಷನ್ ಫಾರ್ ಇಕಲಾಜಿಕಲ್ ಸೆಕ್ಯೂರಿಟಿ ಮತ್ತು ಅಂತರರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆ (ಐಎಫ್‌ಪಿಆರ್‌ಐ) ಸೇರಿ ಅಂತರ್ಜಲದ ಆಟ ಆಡಿಸಿದ್ರು, ಪ್ರತಿ ಸುತ್ತಲ್ಲೂ ಪ್ರತಿಯೊಬ್ಬರೂ ಕಮ್ಮಿ ನೀರಿನ ಬೆಳೆಯೋ ಜಾಸ್ತಿ ನೀರಿನ ಬೆಳೆಯೋ ಆರಿಸ್ಕೋಬೇಕು, ಎಲ್ಲರ ಆಯ್ಕೆ ಕೂಡಿ ಮಟ್ಟ ಇಳಿಯೋದು ಎಲ್ಲರ ಮುಂದೆ ಕಾಣುತ್ತೆ. ಲ್ಯಾಪ್‌ಟಾಪ್ ಬೇಕಿಲ್ಲ, ಎಕ್ಸೆಲ್ ಬಜೆಟ್ ಜೊತೆ ಇದನ್ನ ಸೇರಿಸಿದ್ರೆ ಒಂದು ಮಧ್ಯಾಹ್ನದ ಕೆಲಸ. ಆಟದಲ್ಲಿ ಯಾರು ಯಾಕೆ ಆ ಬೆಳೆ ಆರಿಸಿದ್ರು ಅಂತ ಪಕ್ಕದಲ್ಲಿ ಒಬ್ಬರು ಬರ್ಕೊಳ್ತಾ ಕೂತಿರ್ಲಿ, ಮುಂದೆ ಯಾವತ್ತಾದ್ರೂ ನೆಟ್‌ಲೋಗೊ ಮಾಡೋ ಮನಸ್ಸಾದ್ರೆ ನಿಯಮಗಳ ಕರಡು ಆ ನೋಟ್‌ಬುಕ್ಕಲ್ಲೇ ಸಿಗುತ್ತೆ.